ವೇದಿಕೆಗೆ ಇಳಿಜಾರು ಎಲ್ಲಿದೆ?

ಡಿಸೆಂಬರ್ ತಿಂಗಳ ಮೊದಲ ವಾರದಲ್ಲಿ ವಿಶ್ವಸಂಸ್ಥೆ ಗೊತ್ತುಪಡಿಸಿದ ಎರಡು ದಿನಗಳು ಹತ್ತಿರ ಹತ್ತಿರದಲ್ಲೇ ಬರುತ್ತವೆ. 3ನೆಯ ತಾರೀಖು ಅಂಗವೈಕಲ್ಯವುಳ್ಳವರ ಅಂತರರಾಷ್ಟ್ರೀಯ ದಿನ. 5ನೆಯದು ಅಂತರರಾಷ್ಟ್ರೀಯ ಸ್ವಯಂಸೇವಕರ ದಿನ. ಮೊದಲನೆಯದು 1992ರಲ್ಲಿ ಘೋಷಣೆಯಾದದ್ದು, ಎರಡನೆಯದು 1985ರಲ್ಲಿ. ನಮ್ಮ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡಕ್ಕೂ ಶುಭಾಶಯಗಳು ಹರಿದಾಡುತ್ತವೆ. ಒಂದು ದಿನ ಸೇವೆ ಪಡೆಯುವವರ ಚಿತ್ರ, ಇನ್ನೊಂದು ದಿನ ಸೇವೆ ಮಾಡುವವರ ಚಿತ್ರ. ಎರಡೂ ಚಿತ್ರಗಳಲ್ಲಿ ಒಬ್ಬರೇ ವ್ಯಕ್ತಿ ಇದ್ದುದನ್ನು ನಾನು ಇದುವರೆಗೆ ಕಂಡಿಲ್ಲ. ಈ ಬರಹ ಆ ಎರಡು ದಿನಗಳ ನಡುವೆ ಉಳಿದುಹೋಗುವ 4ನೆಯ ತಾರೀಖಿನ ಕುರಿತು.

ನಾವು ಯುಗಾದಿಗೆ, ರಾಜ್ಯೋತ್ಸವಕ್ಕೆ ಬಾಡಿಗೆಗೆ ಹಿಡಿಯುವ ಸಭಾಂಗಣಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಹೆಬ್ಬಾಗಿಲಿಗೆ ಇಳಿಜಾರು ಇರುತ್ತದೆ. ಗಾಲಿಕುರ್ಚಿ ತಿರುಗುವಷ್ಟು ವಿಶಾಲವಾದ ಶೌಚಾಲಯ ಇರುತ್ತದೆ. ಬಾಗಿಲಿನ ಸಮೀಪದಲ್ಲೇ ನೀಲಿ ಗುರುತಿನ ವಾಹನ ನಿಲುಗಡೆಯೂ ಇರುತ್ತದೆ. ಆದರೆ ಬಹುಪಾಲು ಹಳೆಯ ಸಭಾಂಗಣಗಳಲ್ಲಿ ವೇದಿಕೆಗೆ ಹತ್ತಲು ಪಕ್ಕದ ನಾಲ್ಕೈದು ಮೆಟ್ಟಿಲುಗಳಷ್ಟೇ ದಾರಿ. ಅಡುಗೆಮನೆಯ ಬಡಿಸುವ ಕಟ್ಟೆ ನಿಂತವರ ಎದೆಯೆತ್ತರಕ್ಕಿದೆ. ಧ್ವನಿವರ್ಧಕದ ಉಪಕರಣಗಳ ಕೋಣೆ ಮಹಡಿಯ ಮೇಲೆ. ಕಟ್ಟಡವೇ ಮಾತನಾಡಿದಂತಿದೆ: ‘ಬನ್ನಿ, ಕುಳಿತುಕೊಳ್ಳಿ, ನೋಡಿ, ಊಟ ಮಾಡಿ ಹೋಗಿ.’ ಅಂಗವೈಕಲ್ಯವುಳ್ಳವರು ಪ್ರೇಕ್ಷಕರಾಗಿ ಬಂದಾರೆಂದು ಅದನ್ನು ಕಟ್ಟಿದವರು ಯೋಚಿಸಿದ್ದಾರೆ. ಕೆಲಸ ಮಾಡುವವರಾಗಿ ಬಂದಾರೆಂದು ಯೋಚಿಸಿಲ್ಲ. ಕಟ್ಟಿದವರನ್ನು ದೂರಿ ಫಲವಿಲ್ಲ. ಇಷ್ಟು ವರ್ಷಗಳಿಂದ ಕಾರ್ಯಕ್ರಮಗಳ ಸಿದ್ಧತೆಯಲ್ಲಿ ತೊಡಗಿರುವ ನಾನೂ ಯೋಚಿಸಿರಲಿಲ್ಲ. ಗಾಲಿಕುರ್ಚಿಯಲ್ಲಿ ಬಂದ ಹಿರಿಯರೊಬ್ಬರಿಗೆ ಮೊದಲ ಸಾಲಿನಲ್ಲಿ ಜಾಗ ಮಾಡಿಕೊಟ್ಟು, ದೊಡ್ಡ ಉಪಕಾರ ಮಾಡಿದೆನೆಂಬ ಸಮಾಧಾನದಿಂದ ಮನೆಗೆ ಹೋದವನು ನಾನು. ಅವರು ಊರಿನಲ್ಲಿ ಮೂವತ್ತು ವರ್ಷ ಲೆಕ್ಕಪತ್ರ ನೋಡಿದವರೆಂದು ತಿಳಿದದ್ದು ಬಹಳ ತಡವಾಗಿ. ಆ ಹೊತ್ತಿಗೆ ನಮ್ಮ ಸಂಘ ಖಜಾಂಚಿಗಾಗಿ ಎರಡು ಬಾರಿ ಮನವಿ ಹೊರಡಿಸಿಯಾಗಿತ್ತು.

ನಾನು ಹೇಳಹೊರಟಿರುವುದು ಸರಳವಾದ ಸಂಗತಿ. ಅಂಗವೈಕಲ್ಯವುಳ್ಳವರಿಗೆ ನಾವು ಮಾಡಬಹುದಾದ ಸಹಾಯಗಳಲ್ಲಿ ಬಹು ದೊಡ್ಡದು, ಅವರಿಂದ ಸಹಾಯ ಕೇಳುವುದು.

ಪದಗಳ ವಿಚಾರವಾಗಿ ಒಂದು ಮಾತು. ‘ಅಂಗವಿಕಲ’ ಎಂಬುದನ್ನು ಬಿಟ್ಟು ‘ವಿಕಲಚೇತನ’ ಎಂದೆವು. ಕರ್ನಾಟಕ ಸರ್ಕಾರದ ಇಲಾಖೆಯ ಹೆಸರಿನಲ್ಲೂ ಆ ಪದ ಸೇರಿದೆ. ಅಂಗದ ಕೊರತೆಯನ್ನು ಚೇತನಕ್ಕೇ ಹಚ್ಚಿದ ಈ ಪದ ಹೇಗೆ ಹೆಚ್ಚು ಗೌರವದ್ದಾಯಿತೋ ನನಗೆ ಅರ್ಥವಾಗಿಲ್ಲ. ಆಮೇಲೆ ‘ವಿಶೇಷಚೇತನ’ ಬಂತು, ‘ದಿವ್ಯಾಂಗ’ ಬಂತು. ಹೆಸರುಗಳು ಮೇಲೇರುತ್ತ ಹೋದವು, ಮನುಷ್ಯರು ಮಾತ್ರ ಮೊದಲ ಸಾಲಿನ ಕುರ್ಚಿಯಲ್ಲೇ ಉಳಿದರು. ನಾನಿಲ್ಲಿ ‘ಅಂಗವೈಕಲ್ಯವುಳ್ಳವರು’ ಎಂದೇ ಬರೆಯುತ್ತೇನೆ. ಕಣ್ಣಿಗೆ ಕಾಣದ ವೈಕಲ್ಯಗಳೂ ಇವೆಯೆಂಬುದನ್ನು, ಆಟಿಸಂ, ಅಪಸ್ಮಾರ, ಮಾನಸಿಕ ಅಸ್ವಸ್ಥತೆಗಳೂ ಇದರಲ್ಲಿ ಸೇರುತ್ತವೆಂಬುದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಆಸ್ಟ್ರೇಲಿಯಾದ ಅಂಕಿಅಂಶ ಸಂಸ್ಥೆಯ 2022ರ ಸಮೀಕ್ಷೆಯ ಪ್ರಕಾರ ಈ ದೇಶದ 55 ಲಕ್ಷ ಜನರಿಗೆ, ಎಂದರೆ ಶೇಕಡ 21.4ರಷ್ಟು ಮಂದಿಗೆ, ಒಂದಲ್ಲ ಒಂದು ಬಗೆಯ ಅಂಗವೈಕಲ್ಯವಿದೆ. ನಮ್ಮ ಸದಸ್ಯ ಕುಟುಂಬಗಳಲ್ಲಿ ಆ ಪ್ರಮಾಣ ಇಲ್ಲವೆಂದು ತೋರಿದರೆ, ಅದಕ್ಕೆ ನಾವು ಚಿಕ್ಕ ವಯಸ್ಸಿನ ಸಮುದಾಯ ಎನ್ನುವುದು ಒಂದು ಕಾರಣವಿರಬಹುದು. ಇನ್ನೊಂದು ಕಾರಣಕ್ಕೆ ಮುಂದೆ ಬರುತ್ತೇನೆ.

ನಾನಿರುವ ಬ್ಲೇರ್ ಅಥಾಲ್ ಅಡಿಲೇಡಿನ ಉತ್ತರ ಭಾಗದಲ್ಲಿ, ಪ್ರಾಸ್ಪೆಕ್ಟ್ ರಸ್ತೆಗೂ ಮೇಯ್ನ್ ನಾರ್ತ್ ರಸ್ತೆಗೂ ನಡುವೆ ಇರುವ ಬಡಾವಣೆ. ಇದೇ ನಗರಸಭೆಯ ವ್ಯಾಪ್ತಿಯಲ್ಲಿರುವ ಪೋರ್ಟ್ ಅಡಿಲೇಡಿಗೆ ಇಲ್ಲಿಂದ ಹತ್ತು ಕಿಲೋಮೀಟರಿನ ಆಸುಪಾಸು. ಅಲ್ಲಿನ ಒಂದು ಅಡುಗೆಮನೆಯಿಂದ 1954ರ ಆಗಸ್ಟ್ ತಿಂಗಳಲ್ಲಿ ಎಂಟು ಮಂದಿ ವೃದ್ಧರ ಮನೆಗೆ ಬಿಸಿಯೂಟ ಹೋಯಿತು. ದಕ್ಷಿಣ ಆಸ್ಟ್ರೇಲಿಯಾದ ‘ಮೀಲ್ಸ್ ಆನ್ ವೀಲ್ಸ್’ ಸಂಸ್ಥೆಯ ಮೊದಲ ಊಟ ಅದು. ಬಡಿಸಿದವರು, ಸಾಗಿಸಿದವರು ಎಲ್ಲರೂ ಸ್ವಯಂಸೇವಕರು. ಸಂಸ್ಥೆಯನ್ನು ಅದಕ್ಕೆ ಹಿಂದಿನ ವರ್ಷ ಕಟ್ಟಿದವರು ಡೋರಿಸ್ ಟೇಲರ್. 1901ರಲ್ಲಿ ಹುಟ್ಟಿದ ಈಕೆ ಬಾಲ್ಯದಲ್ಲಿ ಬಿದ್ದು ಬೆನ್ನಿಗೆ ಪೆಟ್ಟಾಗಿ, ಜೀವನದ ಬಹುಭಾಗವನ್ನು ಗಾಲಿಕುರ್ಚಿಯಲ್ಲೇ ಕಳೆದವರು. ಮುಂದೆ ರಾಜ್ಯದ ಪ್ರೀಮಿಯರ್ ಆದ ಡಾನ್ ಡನ್‌ಸ್ಟನ್ ಅವರು ರಾಜಕೀಯಕ್ಕೆ ಬಂದ ದಿನಗಳಲ್ಲಿ ಅವರ ಬೆನ್ನಿಗೆ ನಿಂತವರಲ್ಲೂ ಈಕೆಯದೇ ಹೆಸರು ಕೇಳಿಬರುತ್ತದೆ. 1968ರಲ್ಲಿ ತೀರಿಕೊಳ್ಳುವವರೆಗೂ ಅವರ ಕೈಬೆರಳುಗಳಿಗೂ ಕಾಲುಗಳಿಗೂ ಸಾಧ್ಯವಾಗದ್ದನ್ನು ಮಾಡಲು ಬೇರೆಯವರಿದ್ದರು. ಯಾರು ಹಸಿದಿದ್ದಾರೆ, ಯಾರನ್ನು ಕೇಳಬೇಕು, ಯಾವ ಬಾಗಿಲು ತಟ್ಟಬೇಕು ಎಂಬುದನ್ನು ಬಲ್ಲವರು ಅವರು. ಮನೆಯಿಂದ ಹೊರಗೆ ಬರಲಾಗದ ಮುದುಕರ ಕಷ್ಟ ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಇಂದು ನಮ್ಮಲ್ಲಿ ಹಲವರು ಕಚೇರಿಯ ವತಿಯಿಂದ ವರ್ಷಕ್ಕೊಂದು ದಿನ ಮೀಲ್ಸ್ ಆನ್ ವೀಲ್ಸ್ ಡಬ್ಬಿಗಳನ್ನು ಹಂಚಿಬರುತ್ತಾರೆ. ಅದನ್ನು ಹುಟ್ಟುಹಾಕಿದಾಕೆ ಗಾಲಿಕುರ್ಚಿಯಲ್ಲಿದ್ದರೆಂಬುದು ಎಷ್ಟು ಜನರಿಗೆ ತಿಳಿದಿದೆಯೋ.

ನಮ್ಮ ನಾಡಿನಲ್ಲಿಯೂ ಇದು ಹೊಸತಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದ ಪಂಚಾಕ್ಷರ ಗವಾಯಿಗಳು ಅಂಧರು. ಅವರ ನಂತರ ಅದನ್ನು ಬೆಳೆಸಿದ ಪುಟ್ಟರಾಜ ಗವಾಯಿಗಳೂ (1914–2010) ಅಂಧರು. ಅಂಧ ಮಕ್ಕಳಿಗೂ ಅನಾಥರಿಗೂ ಅನ್ನ, ಆಶ್ರಯ, ಸಂಗೀತ ವಿದ್ಯೆ ಕೊಟ್ಟ ಆಶ್ರಮ ಅದು. ಆದರೆ ಅಲ್ಲಿ ಕಲಿತವರೆಲ್ಲ ಅಂಧರಾಗಿರಲಿಲ್ಲ. ಬಸವರಾಜ ರಾಜಗುರು ಅವರಂಥ ಕಣ್ಣಿದ್ದ ಶಿಷ್ಯರೂ ಪಂಚಾಕ್ಷರ ಗವಾಯಿಗಳ ಬಳಿ ಕುಳಿತು ಕಲಿತರು. ಅಲ್ಲಿ ಕೊಡುವವರು ಯಾರು, ಪಡೆಯುವವರು ಯಾರು ಎಂಬ ಗೆರೆಯನ್ನು ಕಣ್ಣು ನಿರ್ಧರಿಸಲಿಲ್ಲ. ಹತ್ತಿರದ ಕಾಲಕ್ಕೆ ಬಂದರೆ, ದೃಷ್ಟಿದೋಷವುಳ್ಳ ಮಹಾಂತೇಶ ಕಿವಡಸಣ್ಣವರ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಗೆಳೆಯರೊಡಗೂಡಿ ಸ್ಥಾಪಿಸಿದ ‘ಸಮರ್ಥನಂ’ ಇದೆ. ಪೋಲಿಯೋ ಪೀಡಿತರಾಗಿಯೂ ಅಂತರರಾಷ್ಟ್ರೀಯ ಕ್ರೀಡಾಕೂಟಗಳಲ್ಲಿ ಪದಕಗಳನ್ನು ಗೆದ್ದ ಮಾಲತಿ ಹೊಳ್ಳ ಅವರು ಅಂಗವೈಕಲ್ಯವುಳ್ಳ ಮಕ್ಕಳಿಗಾಗಿ ನಡೆಸುವ ‘ಮಾತೃ’ ಪ್ರತಿಷ್ಠಾನವಿದೆ. ಇಷ್ಟು ಪ್ರಸಿದ್ಧವಲ್ಲದ, ನನಗೆ ಇನ್ನೂ ಮಹತ್ವದ್ದೆನಿಸುವ ಒಂದು ವ್ಯವಸ್ಥೆ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿದೆ. ಅಂಗವೈಕಲ್ಯವುಳ್ಳವರನ್ನೇ ಗೌರವಧನದ ಮೇಲೆ ‘ಗ್ರಾಮೀಣ ಪುನರ್ವಸತಿ ಕಾರ್ಯಕರ್ತ’ರನ್ನಾಗಿ ನೇಮಿಸಿ, ಊರಿನ ಇತರ ಅಂಗವೈಕಲ್ಯವುಳ್ಳವರ ಮನೆಗಳಿಗೆ ಹೋಗಿ ಪಿಂಚಣಿ, ಪ್ರಮಾಣಪತ್ರ, ಸಾಧನಸಲಕರಣೆಗಳ ಮಾಹಿತಿ ಮುಟ್ಟಿಸುವ ಕೆಲಸ ಅವರಿಗೆ ವಹಿಸಲಾಗಿದೆ. ಗೌರವಧನ ಕಡಿಮೆಯೆಂಬ ಅವರ ದೂರು ನ್ಯಾಯವಾದದ್ದೇ. ಆದರೂ ಆ ಕೆಲಸಕ್ಕೆ ಅರ್ಹತೆಯೆಂದು ಅನುಭವವನ್ನೇ ಎಣಿಸಿದ್ದು ಸಣ್ಣ ಮಾತಲ್ಲ.

ಇಷ್ಟೆಲ್ಲ ಬರೆದ ಮೇಲೆ ನನ್ನ ಮೇಲೆ ನನಗೇ ಒಂದು ಸಂಶಯ. ಇಂಥ ಹೆಸರುಗಳನ್ನು ಪಟ್ಟಿ ಮಾಡುವುದು ನಮಗೆ ತುಂಬ ಇಷ್ಟ. ವಿಕ್ಟೋರಿಯಾದ ಸ್ಟಾವೆಲ್ ಊರಿನಲ್ಲಿ ಹುಟ್ಟಿದ, ಗಾಲಿಕುರ್ಚಿ ಬಳಸುತ್ತಿದ್ದ ಪತ್ರಕರ್ತೆ ಮತ್ತು ಹಾಸ್ಯ ಕಲಾವಿದೆ ಸ್ಟೆಲ್ಲಾ ಯಂಗ್ 2014ರಲ್ಲಿ, ತಾವು ತೀರಿಕೊಂಡ ವರ್ಷವೇ, ಸಿಡ್ನಿಯಲ್ಲಿ ಮಾಡಿದ ಭಾಷಣವೊಂದರಲ್ಲಿ ಇದೇ ಚಪಲವನ್ನು ಚುಚ್ಚಿದ್ದರು. ಅಂಗವೈಕಲ್ಯವುಳ್ಳವರ ಬದುಕನ್ನು ಉಳಿದವರ ಸ್ಫೂರ್ತಿಗಾಗಿ ಬಳಸಿಕೊಳ್ಳುವುದನ್ನು ಅವರು ಒಪ್ಪಲಿಲ್ಲ. ನಮ್ಮ ವಿಷಯದಲ್ಲಿ ಅದು ಪೂರ್ತಿ ಅನ್ವಯಿಸುತ್ತದೆ. ಗವಾಯಿಗಳ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಕಾರ್ಯಕ್ರಮಕ್ಕೆ ಬಂದ ಆಟಿಸಂ ಇರುವ ಇಪ್ಪತ್ತು ವರ್ಷದ ಯುವಕನ ಎದುರಿಗೇ ನಿಂತು ಅವನ ತಾಯಿಯನ್ನು ಕೇಳುತ್ತೇವೆ, ‘ಆಂಟಿ, ಇವನಿಗೆ ಪಾಯಸ ಕೊಡಲಾ?’ ಎಂದು. ಅವನಿಗೆ ಪುಣ್ಯಾಶ್ರಮ ಕಟ್ಟುವ ಅಗತ್ಯವಿಲ್ಲ. ನಮ್ಮ ಮಿಕ್ಕ ಮಕ್ಕಳು ಮಾಡುವಂತೆ ಕುರ್ಚಿ ಜೋಡಿಸಿ, ಚೀಟಿ ಹರಿದು, ಕೆಲಸ ಬೇಸರವಾದರೆ ಗೊಣಗುವ ಅವಕಾಶ ಸಿಕ್ಕರೆ ಸಾಕು.

ಅದರಿಂದ ಏನು ಲಾಭ ಎಂದು ಕೇಳುವವರಿಗೆ ನಮ್ಮ ಸ್ವಂತ ಕತೆಯನ್ನೇ ನೆನಪಿಸುತ್ತೇನೆ. ಈ ದೇಶಕ್ಕೆ ಬಂದ ಹೊಸತರಲ್ಲಿ ನಮ್ಮಲ್ಲಿ ಎಷ್ಟು ಮಂದಿ ‘ಸ್ಥಳೀಯ ಅನುಭವ ಇಲ್ಲ’ ಎಂಬ ಉತ್ತರ ಕೇಳಲಿಲ್ಲ? ಊರಿನಲ್ಲಿ ಹತ್ತು ವರ್ಷ ದುಡಿದವರು ಇಲ್ಲಿ ಬಂದು, ಯಾವುದೋ ದತ್ತಿ ಅಂಗಡಿಯಲ್ಲೋ ಗ್ರಂಥಾಲಯದಲ್ಲೋ ಆರು ತಿಂಗಳು ಸಂಬಳವಿಲ್ಲದೆ ಕೆಲಸ ಮಾಡಿ, ಅಲ್ಲಿನ ಮೇಲ್ವಿಚಾರಕಿಯ ಹೆಸರನ್ನು ಅರ್ಜಿಯಲ್ಲಿ ಬರೆದು ಮೊದಲ ಉದ್ಯೋಗ ಹಿಡಿದೆವು. ಅಂಗವೈಕಲ್ಯವುಳ್ಳ ಯುವಜನರು ಶಾಲೆ ಮುಗಿಸಿದ ದಿನ ಅದೇ ಗೋಡೆಯ ಮುಂದೆ ನಿಲ್ಲುತ್ತಾರೆ. ಅವರ ಗೋಡೆ ಇನ್ನಷ್ಟು ಎತ್ತರ. 2018ರ ಸಮೀಕ್ಷೆಯಂತೆ ದುಡಿಯುವ ವಯಸ್ಸಿನ ಅಂಗವೈಕಲ್ಯವುಳ್ಳವರಲ್ಲಿ ಉದ್ಯೋಗದಲ್ಲಿದ್ದವರು ಅಥವಾ ಉದ್ಯೋಗ ಅರಸುತ್ತಿದ್ದವರು ಶೇಕಡ 53.4, ಉಳಿದವರಲ್ಲಿ ಶೇಕಡ 84.1. ಅವರ ಬಗ್ಗೆ ವೈದ್ಯರು ಬರೆದ ವರದಿಗಳು ದಪ್ಪ ಕಡತದಷ್ಟಿರುತ್ತವೆ. ‘ಈಕೆ ಹೇಳಿದ ಸಮಯಕ್ಕೆ ಬರುತ್ತಾಳೆ, ಒಪ್ಪಿಸಿದ ಕೆಲಸ ಮುಗಿಸುತ್ತಾಳೆ’ ಎಂದು ಕುಟುಂಬದ ಹೊರಗಿನವರೊಬ್ಬರು ಬರೆದ ಎರಡು ಸಾಲು ಮಾತ್ರ ಇರುವುದಿಲ್ಲ. ಸಂಘ ಕೊಡಬಹುದಾದದ್ದು ಆ ಎರಡು ಸಾಲು.

ಉದ್ಯೋಗಕ್ಕೂ ಮಿಗಿಲಾದ ಒಂದು ಲಾಭವಿದೆ. ಸೇವೆ ಪಡೆಯುವವರು ಒಂದು ದಿನ ಬಾರದಿದ್ದರೆ ‘ಏಕೋ ಬರಲಿಲ್ಲ’ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಸೇವೆ ಮಾಡುವವರು ಬಾರದಿದ್ದರೆ ಕೆಲಸ ನಿಲ್ಲುತ್ತದೆ, ಫೋನು ಹೋಗುತ್ತದೆ, ‘ಎಲ್ಲಿದ್ದೀರಿ, ನೀವಿಲ್ಲದೆ ಬೀಗದ ಕೈ ಸಿಗುತ್ತಿಲ್ಲ’ ಎನ್ನುತ್ತಾರೆ. ಹೀಗೆ ಬೈಸಿಕೊಳ್ಳುವುದೂ ಒಂದು ಭಾಗ್ಯ. ಕಾಯಕದ ಮಹಿಮೆಯನ್ನು ಪ್ರತಿ ಬಸವ ಜಯಂತಿಯಂದು ಹೊಗಳುವ ನಾವು, ಕೆಲವರಿಗೆ ಮಾತ್ರ ಕರುಣೆಯಿಂದ ಕಾಯಕದಿಂದ ವಿನಾಯಿತಿ ಕೊಟ್ಟುಬಿಟ್ಟಿದ್ದೇವೆ. ಅವರು ಅದನ್ನು ಬೇಡಿರಲಿಲ್ಲ.

ಈಗ ಆ ಇನ್ನೊಂದು ಕಾರಣ. ನಮ್ಮ ಸಮಾರಂಭಗಳಲ್ಲಿ ಅಂಗವೈಕಲ್ಯವುಳ್ಳವರು ಕಾಣದಿರಲು ಕುಟುಂಬಗಳ ಹಿಂಜರಿಕೆಯೂ ಕಾರಣ. ಊರಿನ ನೆಂಟರ ಮಾತು, ಮುಂದಿನ ಮಗಳ ಮದುವೆಯ ಚಿಂತೆ ಇತ್ಯಾದಿ ಹಳೆಯವು. ಇಲ್ಲಿ ಅದಕ್ಕೆ ವೀಸಾದ ಭಯವೂ ಸೇರಿದೆ. 1992ರ ಅಂಗವೈಕಲ್ಯ ತಾರತಮ್ಯ ನಿಷೇಧ ಕಾಯಿದೆ ಈ ದೇಶದ ಹೆಮ್ಮೆಯ ಕಾಯಿದೆ. ಆದರೆ ವಲಸೆ ಕಾನೂನನ್ನು ಅದರ ವ್ಯಾಪ್ತಿಯಿಂದ ಹೊರಗಿಡಲಾಗಿದೆ. ಕುಟುಂಬದ ಒಬ್ಬ ಮಗುವಿನ ಚಿಕಿತ್ಸೆ ಮತ್ತು ಸೇವೆಗಳ ಅಂದಾಜು ವೆಚ್ಚ ನಿಗದಿತ ಮಿತಿಯನ್ನು ಮೀರಿದರೆ ಇಡೀ ಕುಟುಂಬದ ಕಾಯಂ ವೀಸಾ ತೊಡಕಿಗೆ ಸಿಲುಕಬಹುದು. ತಾತ್ಕಾಲಿಕ ವೀಸಾದಲ್ಲಿರುವವರಿಗೆ ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆಯೂ, ಎಂದರೆ ಎನ್‌ಡಿಐಎಸ್ ಸಹ, ದೊರೆಯದು. ಹೀಗಾಗಿ ಮಗುವಿನ ಹೆಸರನ್ನು ಎಲ್ಲಿಯೂ ಆಡದೆ ವರ್ಷಗಟ್ಟಲೆ ಕಾಯುವವರಿದ್ದಾರೆ. ಅವರ ಮೌನವನ್ನು ನಾನು ಆಕ್ಷೇಪಿಸಲಾರೆ. ಸಂಘವು ಯಾರನ್ನೂ ರೋಗದ ಹೆಸರು ಹೇಳುವಂತೆ ಕೇಳಕೂಡದು ಎಂಬುದಕ್ಕೆ ಇದೇ ಸಾಕಷ್ಟು ಕಾರಣ. ‘ಕೆಲಸ ಮಾಡಲು ನಿಮಗೆ ಏನು ಅನುಕೂಲ ಬೇಕು?’ ಎಂದು ಕೇಳಿದರೆ ಸಾಲದೆ?

ನಾವು ಒಮ್ಮೆ ಪ್ರಯತ್ನಿಸಿ ಎಡವಿದ್ದೂ ಉಂಟು. ಉತ್ಸಾಹದಿಂದ ಒಬ್ಬ ಯುವಕನನ್ನು ಟಿಕೆಟ್ ಮೇಜಿಗೆ ಕೂರಿಸಿದೆವು. ಹಿಂದೆ ಧ್ವನಿವರ್ಧಕ, ಮುಂದೆ ಏಕಕಾಲಕ್ಕೆ ಮಾತನಾಡುವ ಇಪ್ಪತ್ತು ಮಂದಿ. ಅರ್ಧ ಗಂಟೆಯಲ್ಲಿ ಆತ ಕಿವಿ ಮುಚ್ಚಿಕೊಂಡು ಎದ್ದು ಹೋದ. ‘ಅಷ್ಟೇ, ಆಗುವುದಿಲ್ಲ’ ಎಂದು ನಾವೆಲ್ಲ ತಲೆಯಾಡಿಸಿದೆವು. ಅವನ ತಂಗಿ ಮರುದಿನ ನನಗೆ ಹೇಳಿದ್ದು: ಕೆಲಸ ಅವನಿಗೆ ಹಿಡಿಸಿತ್ತು, ಜಾಗ ಹಿಡಿಸಲಿಲ್ಲ. ಮುಂದಿನ ಬಾರಿ ಹೆಸರುಪಟ್ಟಿಯನ್ನು ಹಿಂದಿನ ದಿನವೇ ಅವನಿಗೆ ಕಳಿಸಿ, ಬ್ಯಾಡ್ಜುಗಳನ್ನು ಮನೆಯಲ್ಲಿಯೇ ಅಕ್ಷರಾನುಕ್ರಮವಾಗಿ ಜೋಡಿಸಲು ಕೇಳಿದೆವು. ಎರಡು ಕುಟುಂಬಗಳ ಹೆಸರಿನ ಕಾಗುಣಿತ ತಪ್ಪಾಗಿದೆಯೆಂದು ಪತ್ತೆಹಚ್ಚಿ ತಿದ್ದಿಸಿದ್ದೂ ಅವನೇ. ಅದರಲ್ಲೊಂದು ನನ್ನ ಹೆಸರು.

ಸಂಘದ ಹೊರಗೂ ಅವಕಾಶಗಳು ಬೇಕಾದಷ್ಟಿವೆ. ಅಡಿಲೇಡಿನಲ್ಲಿರುವವರು ‘ವಾಲಂಟಿಯರಿಂಗ್ ಎಸ್‌ಎ ಆ್ಯಂಡ್ ಎನ್‌ಟಿ’ಯನ್ನೂ, ಪರ್ತ್‌ನವರು ‘ವಾಲಂಟಿಯರಿಂಗ್ ಡಬ್ಲ್ಯುಎ’ಯನ್ನೂ, ಬ್ರಿಸ್ಬೇನಿನವರು ‘ವಾಲಂಟಿಯರಿಂಗ್ ಕ್ವೀನ್ಸ್‌ಲ್ಯಾಂಡ್’ ಅನ್ನೂ ವಿಚಾರಿಸಬಹುದು. ‘ಸೀಕ್ ವಾಲಂಟಿಯರ್’ ತಾಣದಲ್ಲಿ ಊರು, ಕೆಲಸದ ಬಗೆ ನಮೂದಿಸಿ ಹುಡುಕಬಹುದು. ನಿಮ್ಮ ನಗರಸಭೆಯನ್ನು ಮರೆಯಬೇಡಿ. ಗ್ರಂಥಾಲಯಕ್ಕೆ ಹೋಗಿ ಕೇಳುವುದು ಎಷ್ಟೋ ಸಲ ಅಂತರಜಾಲಕ್ಕಿಂತ ಬೇಗ ಫಲ ಕೊಡುತ್ತದೆ. ಶನಿವಾರ ಬೆಳಿಗ್ಗೆ ನಡೆಯುವ ಪಾರ್ಕ್‌ರನ್‌ಗೆ ಓಡಲೇಬೇಕೆಂದಿಲ್ಲ. ಸಮಯ ಗುರುತಿಸಲು, ಬಾರ್‌ಕೋಡ್ ಓದಿಸಲು, ಕೊನೆಯವರ ಜೊತೆ ನಡೆದು ಬರಲು ಪ್ರತಿ ವಾರ ಜನ ಬೇಕು. ಕುಳಿತು ಮಾಡಬಹುದಾದ ಕೆಲಸವೂ ಅಲ್ಲಿದೆ. ದೃಷ್ಟಿ ಇಲ್ಲದಿದ್ದು ಮಾತು ಚೆನ್ನಾಗಿರುವವರು ಸಮುದಾಯ ಬಾನುಲಿಯತ್ತ ನೋಡಬೇಕು. ಅಡಿಲೇಡಿನ 5ಇಬಿಐ, ಬ್ರಿಸ್ಬೇನಿನ 4ಇಬಿ ಹತ್ತಾರು ಭಾಷೆಗಳ ಕಾರ್ಯಕ್ರಮಗಳನ್ನು ಸ್ವಯಂಸೇವಕರಿಂದಲೇ ನಡೆಸುತ್ತವೆ.

ಮನೆ ಬಿಟ್ಟು ಹೊರಡುವುದೇ ಕಷ್ಟವಾದವರಿಗೆ ಮನೆಯಲ್ಲೇ ಕೆಲಸ. ಆಸ್ಟ್ರೇಲಿಯಾ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ನಲ್ಲಿ ಹಳೆಯ ಪತ್ರಿಕೆಗಳ ಪುಟಗಳಿವೆ. ಯಂತ್ರ ತಪ್ಪಾಗಿ ಓದಿದ ಸಾಲುಗಳನ್ನು ಸಾರ್ವಜನಿಕರೇ ಮನೆಯಿಂದ ತಿದ್ದುತ್ತಾರೆ. ಆಸ್ಟ್ರೇಲಿಯನ್ ಮ್ಯೂಸಿಯಂನ ‘ಡಿಜಿವೋಲ್’ನಲ್ಲಿ ಕೀಟ, ಸಸ್ಯಗಳ ಮಾದರಿಗಳ ಮೇಲಿನ ಕೈಬರಹದ ಚೀಟಿಗಳನ್ನು ಓದಿ ದಾಖಲಿಸಬಹುದು. ಕನ್ನಡ ಬಲ್ಲವರಿಗೆ 2003ರಿಂದ ಇರುವ ಕನ್ನಡ ವಿಕಿಪೀಡಿಯವಿದೆ. ಸ್ಕ್ಯಾನ್ ಮಾಡಿದ ಪುಸ್ತಕಗಳ ಕರಡು ತಿದ್ದುವ ಕನ್ನಡ ವಿಕಿಸೋರ್ಸ್ ಇದೆ. ಅಲ್ಲಿ ನಿಮ್ಮ ಕಾಲು, ಕಣ್ಣು, ನಾಲಗೆಯ ವಿಚಾರ ಯಾರೂ ಕೇಳುವುದಿಲ್ಲ. ಒತ್ತಕ್ಷರ ಸರಿಯಿದೆಯೇ ಎಂದಷ್ಟೇ ನೋಡುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಮನೆಯ ಕೆಲಸ ಆರಂಭಕ್ಕೆ ಒಳ್ಳೆಯದು, ಅದರಲ್ಲೇ ಉಳಿದುಬಿಡುವುದು ಅಷ್ಟು ಒಳ್ಳೆಯದಲ್ಲ. ಜನರ ನಡುವೆ ಇರುವ ಅವಕಾಶವನ್ನು ಪರದೆ ತುಂಬಿಕೊಡಲಾರದು.

ಕೆಲವು ವ್ಯಾವಹಾರಿಕ ಸಂಗತಿಗಳು. ಎನ್‌ಡಿಐಎಸ್ ಯೋಜನೆ ಇರುವವರು ಸ್ವಯಂಸೇವೆಯನ್ನು ತಮ್ಮ ಗುರಿಗಳಲ್ಲೊಂದಾಗಿ ಬರೆಸಬಹುದು. ಸಮುದಾಯದಲ್ಲಿ ಪಾಲ್ಗೊಳ್ಳಲೆಂದು ಇರುವ ಅನುದಾನದಿಂದ ಸಹಾಯಕರು ಜೊತೆಗೆ ಬರಲು ಸಾಧ್ಯ. ಮಕ್ಕಳೊಂದಿಗೆ ಮಾಡುವ ಕೆಲಸಕ್ಕೆ ಬೇಕಾದ ತಪಾಸಣೆ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಸ್ವಯಂಸೇವಕರಿಗೆ ಉಚಿತ. ಅಂಗವೈಕಲ್ಯ ಪಿಂಚಣಿ ಪಡೆಯುವವರು ಹೊಸ ಜವಾಬ್ದಾರಿ ಒಪ್ಪುವ ಮುನ್ನ ಸೆಂಟರ್‌ಲಿಂಕಿಗೂ, ತಾತ್ಕಾಲಿಕ ವೀಸಾದವರು ತಮ್ಮ ವೀಸಾ ಷರತ್ತುಗಳಿಗೂ ಒಮ್ಮೆ ಕಣ್ಣು ಹಾಯಿಸಲಿ.

ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ತಪ್ಪಾದೀತು. ಸಂಬಳ ಕೊಡಬೇಕಾದ ಕೆಲಸವನ್ನು ‘ಅನುಭವ’ದ ಹೆಸರಿನಲ್ಲಿ ಬಿಟ್ಟಿಯಾಗಿ ಮಾಡಿಸಿಕೊಳ್ಳುವವರೂ ಇದ್ದಾರೆ. ಅಂಗವೈಕಲ್ಯವುಳ್ಳವರ ಶೋಷಣೆಯನ್ನು ಕುರಿತ ರಾಯಲ್ ಕಮಿಷನ್ 2019ರಿಂದ ನಾಲ್ಕೂವರೆ ವರ್ಷ ವಿಚಾರಣೆ ನಡೆಸಿ 2023ರ ಸೆಪ್ಟೆಂಬರ್‌ನಲ್ಲಿ 222 ಶಿಫಾರಸುಗಳ ವರದಿ ಕೊಟ್ಟಿತು. ಅತಿ ಕಡಿಮೆ ಕೂಲಿಗೆ ದುಡಿಸಿಕೊಳ್ಳುವ ಪ್ರಶ್ನೆಯೂ ಅದರಲ್ಲಿತ್ತು. ಪಕ್ಕದ ಮೇಜಿನಲ್ಲಿ ಅದೇ ಕೆಲಸ ಮಾಡುವವರಿಗೆ ಸಂಬಳವಿದ್ದು ನಿಮ್ಮ ಮಗಳಿಗಿಲ್ಲವೆಂದಾದರೆ ಅದು ಸ್ವಯಂಸೇವೆಯಲ್ಲ. ಅಲ್ಲಿಂದ ಎದ್ದು ಬನ್ನಿ.

‘ಇರುವ ಸ್ವಯಂಸೇವಕರನ್ನು ನಡೆಸುವುದೇ ಕಷ್ಟ, ಇನ್ನು ಇದನ್ನೂ ಯಾರು ನೋಡಿಕೊಳ್ಳುತ್ತಾರೆ?’ ಎಂದು ಸಮಿತಿಯ ಗೆಳೆಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಮೊದಲ ಎರಡು ಮೂರು ಬಾರಿ ಸಮಯ ಹಿಡಿಯುತ್ತದೆ, ಹೌದು. ಹೊಸದಾಗಿ ಬಂದ ಯಾವ ಸ್ವಯಂಸೇವಕರಿಗೆ ಹಿಡಿಯುವುದಿಲ್ಲ? ಸಾಂಬಾರಿಗೆ ಉಪ್ಪು ಎರಡು ಸಲ ಬಿದ್ದ ರಾಜ್ಯೋತ್ಸವವನ್ನು ನಾವೆಲ್ಲ ಸಹಿಸಿಕೊಂಡವರೇ.

ಸಮಿತಿಯ ಮುಂದೆ ನಾನು ಇಟ್ಟಿರುವ ಕೋರಿಕೆಗಳು ದೊಡ್ಡವಲ್ಲ. ಸಭಾಂಗಣ ಕಾದಿರಿಸುವಾಗ ವೇದಿಕೆಗೆ ಇಳಿಜಾರು ಉಂಟೆ ಎಂದು ಕೇಳುವುದು. ಇಲ್ಲದಿದ್ದರೆ ಒಂದು ದಿನಕ್ಕೆ ಇಳಿಜಾರು ಹಲಗೆಯನ್ನು ಬಾಡಿಗೆಗೆ ತರುವುದು. ಒಂದು ಸಣ್ಣ ಕೋಣೆಯನ್ನು ಗದ್ದಲವಿಲ್ಲದೆ ಉಳಿಸಿಕೊಳ್ಳುವುದು. ಸ್ವಯಂಸೇವಕರ ಅರ್ಜಿಯಲ್ಲಿ ಅನುಕೂಲದ ಬಗ್ಗೆ ಒಂದು ಸಾಲು ಸೇರಿಸುವುದು, ಸಂಘದ ವಿಮೆ ಎಲ್ಲ ಸ್ವಯಂಸೇವಕರನ್ನೂ ಒಳಗೊಂಡಿದೆಯೇ ಎಂದು ಖಚಿತಪಡಿಸಿಕೊಳ್ಳುವುದು. ಪ್ರಶ್ನೆಯನ್ನು ತಾಯಿಗಲ್ಲ, ಆ ವ್ಯಕ್ತಿಗೇ ಕೇಳುವುದು. ಉತ್ತರ ಬರಲು ಒಂದು ನಿಮಿಷ ಹಿಡಿದರೆ ಒಂದು ನಿಮಿಷ ಕಾಯುವುದು.

ಇಳಿಜಾರು ಹಲಗೆಯ ಬಾಡಿಗೆ ವಿಚಾರಿಸುವ ಕೆಲಸ ನನ್ನದು. ಯುಗಾದಿಯ ಲೆಕ್ಕಪತ್ರಕ್ಕೆ ಮೊದಲ ಸಾಲಿನ ಆ ಹಿರಿಯರನ್ನು ಕೇಳಿದ್ದೇನೆ. ‘ರಸೀದಿಗಳನ್ನು ಚೀಲದಲ್ಲಿ ತುಂಬಿ ತರುವುದಾದರೆ ನಾನು ಒಪ್ಪುವುದಿಲ್ಲ, ದಿನಾಂಕವಾರು ಜೋಡಿಸಿ ತನ್ನಿ’ ಎಂದಿದ್ದಾರೆ. ಬ್ಯಾಡ್ಜಿನ ಕೆಲಸಕ್ಕೆ ಜನ ಸಿಕ್ಕಾಗಿದೆ. ಟಿಕೆಟ್ ಮೇಜಿಗೆ ಇನ್ನೂ ಇಬ್ಬರು ಬೇಕು. ಈ ಬಾರಿ ಅದನ್ನು ಧ್ವನಿವರ್ಧಕದಿಂದ ದೂರ, ಕಿಟಕಿಯ ಪಕ್ಕದಲ್ಲಿ ಹಾಕುತ್ತಿದ್ದೇವೆ.